ಲ್ಯಾಬ್‌ನ ಡೇಟಾ ಸೋರಿದರೆ ಸೈಬರ್ ವಿಮೆ ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ?

ಪ್ರಶ್ನೆ: ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಡಯಾಗ್ನೋಸ್ಟಿಕ್ ಲ್ಯಾಬ್ ಇದೆ. ಸಾಗರ, ತೀರ್ಥಹಳ್ಳಿಯಲ್ಲಿ ನಮ್ಮದೇ ಕಲೆಕ್ಷನ್ ಸೆಂಟರ್‌ಗಳು. ಹೊಸನಗರ, ರಿಪ್ಪನ್‌ಪೇಟೆಯಲ್ಲಿ ಫ್ರಾಂಚೈಸಿ. 24 ಮಂದಿ ಸಿಬ್ಬಂದಿ, ವರ್ಷದ ವಹಿವಾಟು ಸುಮಾರು 3 ಕೋಟಿ ರೂ. ಸಾಫ್ಟ್‌ವೇರ್‌ನಲ್ಲಿ 1.4 ಲಕ್ಷ ರೋಗಿಗಳ ವಿವರ ಇದೆ, ರಿಪೋರ್ಟ್‌ನ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಏಜೆಂಟರೊಬ್ಬರು 1 ಕೋಟಿ ರೂ. ಸೈಬರ್ ಪಾಲಿಸಿಗೆ 68,000 ರೂ. ಪ್ರೀಮಿಯಂ, ಅದರ ಮೇಲೆ ಜಿಎಸ್‌ಟಿ ಎಂದಿದ್ದಾರೆ. ಡಿಡಕ್ಟಿಬಲ್ (ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಮೊದಲ ಮೊತ್ತ) 5 ಲಕ್ಷ, ವೇಟಿಂಗ್ ಪೀರಿಯಡ್ (ಕೆಲಸ ನಿಂತ ಮೇಲೆ ಆದಾಯ ನಷ್ಟದ ಲೆಕ್ಕ ಶುರುವಾಗುವ ಮುಂಚಿನ ಅವಧಿ) 24 ಗಂಟೆ. ಫಾರ್ಮನ್ನು ತಾವೇ ತುಂಬಿಕೊಡುತ್ತೇವೆ, ಸಹಿ ಹಾಕಿದರೆ ಸಾಕು ಎನ್ನುತ್ತಾರೆ. ನಮ್ಮಷ್ಟು ಸಣ್ಣವರಿಗೆ ಇದು ಬೇಕೇ? ಬೇಕಾದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಬೇಕು. ಆದರೆ ಈ ಕೊಟೇಶನ್ನನ್ನು ಇದ್ದ ಹಾಗೆಯೇ ಒಪ್ಪಬೇಡಿ, ಫಾರ್ಮನ್ನಂತೂ ಏಜೆಂಟರ ಕೈಗೆ ಬಿಡಲೇಬೇಡಿ. ಸೈಬರ್ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದೂ ಕೈತಪ್ಪುವುದೂ ಹೆಚ್ಚಾಗಿ ಎರಡು ಹೊತ್ತಿನಲ್ಲಿ ತೀರ್ಮಾನವಾಗುತ್ತದೆ: ಪಾಲಿಸಿ ಕೊಳ್ಳುವಾಗ ಫಾರ್ಮಿನಲ್ಲಿ ಏನು ಬರೆದಿರಿ, ದಾಳಿಯಾದ ಮೊದಲ ಎರಡು ದಿನ ಏನು ಮಾಡಿದಿರಿ. ವಿಮಾ ಮೊತ್ತ 1 ಕೋಟಿಯೋ 2 ಕೋಟಿಯೋ ಎಂಬುದು ಆಮೇಲಿನ ಮಾತು.

ಮೊದಲು, ಸಣ್ಣವರಿಗೆ ಏಕೆ ಬೇಕು ಎನ್ನುವುದು. ನಿಮ್ಮ ಹತ್ತಿರ ಇರುವುದು ಸಾಮಾನ್ಯ ಗಿರಾಕಿಗಳ ಪಟ್ಟಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದೇ ಗುರುತಿಸುತ್ತವೆ. ಅದನ್ನು ಕಾಪಾಡಲು ತಕ್ಕ ಭದ್ರತೆ ಇಟ್ಟುಕೊಳ್ಳದೆ ಯಾರಿಗಾದರೂ ನಷ್ಟವಾದರೆ ಅದೇ ಕಾಯ್ದೆಯ 43ಎ ಕಲಮಿನಡಿ ಪರಿಹಾರ ಕೊಡಬೇಕಾಗುತ್ತದೆ. ಕಂಪನಿ, ಪಾಲುದಾರಿಕೆ, ಒಬ್ಬರೇ ಮಾಲೀಕರ ಸಂಸ್ಥೆ, ಎಲ್ಲವೂ ಇದರೊಳಗೆ ಬರುತ್ತವೆ. ಎಚ್‌ಐವಿ ಪರೀಕ್ಷೆ ಮಾಡುತ್ತೀರಾದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಬೇರೆಯೇ ಇದೆ. ವ್ಯಕ್ತಿಯ ಸೋಂಕಿನ ಸ್ಥಿತಿ ಹೊರಬೀಳದಂತೆ ದಾಖಲೆಗಳನ್ನು ಕಾಪಾಡುವುದು ಅದರಡಿ ಕಡ್ಡಾಯ. ಬೆಂಗಳೂರಿನಲ್ಲಿ ಒಂದು ರಿಪೋರ್ಟ್ ಸೋರಿದರೆ ಓದಿದವರಿಗೆ ಆ ಹೆಸರು ಯಾರದೆಂದು ತಿಳಿಯದೇ ಹೋಗಬಹುದು. ಹೊಸನಗರದಲ್ಲಿ ಹಾಗಲ್ಲ. ಮನೆತನದ ಹೆಸರು, ಊರಿನ ಹೆಸರು ಕಂಡರೆ ಸಾಕು, ಇಂಥವರ ಮನೆಯ ಹುಡುಗಿ ಎಂದು ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ. ಗರ್ಭ ಪರೀಕ್ಷೆಯದೋ ಎಚ್‌ಐವಿಯದೋ ಒಂದು ಹಾಳೆ ಒಬ್ಬರ ಬದುಕನ್ನೇ ಕೆಡಿಸಬಲ್ಲದು. ವಿಮೆಯಾಗಲಿ ಭದ್ರತೆಯಾಗಲಿ, ಈ ಹೊಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಬೇಕಾದ ಕೆಲಸ.

ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿಂದ ಅನ್ವಯಿಸುತ್ತವೆ. ಈ ವರ್ಷ ನೀವು ಕೊಳ್ಳುವ ಪಾಲಿಸಿಯನ್ನು ಮುಂದೆ ನವೀಕರಿಸುವುದು ಆ ಕಾನೂನಿನ ನೆರಳಿನಲ್ಲೇ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂ. ತನಕ, ಸೋರಿಕೆಯಾದದ್ದನ್ನು ತಿಳಿಸದಿದ್ದರೆ 200 ಕೋಟಿ ತನಕ. ಇವು ಗರಿಷ್ಠ ಮಿತಿಗಳು. ತಪ್ಪಿನ ಸ್ವರೂಪ, ಗಂಭೀರತೆ, ಎಷ್ಟು ಕಾಲ ನಡೆಯಿತು, ನಷ್ಟ ತಗ್ಗಿಸಲು ಏನು ಮಾಡಿದಿರಿ ಎಂಬುದನ್ನೆಲ್ಲ ತೂಗಿ ದತ್ತಾಂಶ ಸಂರಕ್ಷಣಾ ಮಂಡಳಿ ದಂಡ ನಿಗದಿ ಮಾಡುತ್ತದೆ. ಆದ್ದರಿಂದ ಈ ಅಂಕಿಗಳನ್ನು ತೋರಿಸಿ ಹೆದರಿಸುವವರ ಮಾತಿಗೆ ಮರುಳಾಗಬೇಡಿ. ನಿಮಗೆ ನಿಜವಾಗಿ ಭಾರವಾಗುವುದು ಬೇರೆ ಎರಡು ಅಂಶಗಳು. ಒಂದು, ಸೋರಿಕೆ ಎಂಬುದಕ್ಕೆ ಆ ಕಾಯ್ದೆ ಕೊಡುವ ಅರ್ಥ ಬಹಳ ವಿಶಾಲ. ತಪ್ಪು ನಂಬರಿಗೆ ಹೋದ ಒಂದು ರಿಪೋರ್ಟ್ ಕೂಡ ಸೋರಿಕೆ. ಕಳ್ಳತನವೇ ಆಗದೆ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ತಂತ್ರಾಂಶವಾದ ರ್‍ಯಾನ್ಸಮ್‌ವೇರ್‌ನಿಂದ ಫೈಲುಗಳು ತೆರೆಯದಂತಾದರೆ ಅದೂ ಸೋರಿಕೆಯೇ. ಇನ್ನೊಂದು, ಮಂಡಳಿಗೂ ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರ ಸಲ್ಲಿಸಬೇಕು. 1.4 ಲಕ್ಷ ಜನಕ್ಕೆ ತಡಮಾಡದೆ ತಿಳಿಸುವುದು ಹೇಗೆಂದು ಆವತ್ತು ಕುಳಿತು ಯೋಚಿಸಿದರೆ ಆಗುವುದಿಲ್ಲ.

ಪಾಲಿಸಿ ಏನನ್ನು ಕೊಡುತ್ತದೆ

ಯಾವ ಕಂಪನಿಯ ಸೈಬರ್ ಪಾಲಿಸಿಯಾದರೂ ಎರಡು ಭಾಗ ಇರುತ್ತವೆ. ಒಂದು ನಿಮ್ಮ ಸ್ವಂತ ಖರ್ಚು: ಹೇಗೆ ನುಗ್ಗಿದರು, ಏನು ಒಯ್ದರು ಎಂದು ಪತ್ತೆಹಚ್ಚುವ ಫೊರೆನ್ಸಿಕ್ ತಜ್ಞರು, ವಕೀಲರು, ರೋಗಿಗಳಿಗೆ ತಿಳಿಸುವ ವೆಚ್ಚ, ಡೇಟಾ ಮರಳಿ ಪಡೆಯುವ ವೆಚ್ಚ, ಲ್ಯಾಬ್ ನಿಂತ ದಿನಗಳ ಆದಾಯ ನಷ್ಟ. ಇನ್ನೊಂದು ಹೊರಗಿನವರು ನಿಮ್ಮ ಮೇಲೆ ಹೂಡುವ ದಾವೆ, ಅದರ ಪರಿಹಾರ, ಸರ್ಕಾರಿ ತನಿಖೆಯನ್ನು ಎದುರಿಸುವ ಖರ್ಚು. ದಂಡದ ಬಗ್ಗೆ ಬಹುತೇಕ ಪಾಲಿಸಿಗಳು ‘ಕಾನೂನು ಅವಕಾಶ ಕೊಟ್ಟ ಮಟ್ಟಿಗೆ’ ಎಂದಷ್ಟೇ ಬರೆಯುತ್ತವೆ. ದಂಡವನ್ನು ವಿಮೆಯಿಂದ ಕಟ್ಟಿಸುವುದು ಸಾರ್ವಜನಿಕ ನೀತಿಗೆ ವಿರುದ್ಧ ಎಂಬ ವಾದಕ್ಕೆ ನಮ್ಮ ಒಪ್ಪಂದ ಕಾಯ್ದೆಯಲ್ಲೇ ಜಾಗ ಇದೆ. ಹಾಗಾಗಿ ದಂಡದ ಹಣ ವಿಮೆಯಿಂದ ಬರುತ್ತದೆಂದು ಲೆಕ್ಕ ಹಾಕಬೇಡಿ. ತನಿಖೆಯ ಖರ್ಚಿಗಷ್ಟೇ ನೆಚ್ಚಿಕೊಳ್ಳಿ.

ಬೆಂಗಳೂರಿನಿಂದ 300 ಕಿ.ಮೀ. ದೂರದಲ್ಲಿರುವ ನಿಮಗೆ ಈ ಪಟ್ಟಿಯಲ್ಲಿ ಬಹಳ ಬೆಲೆಯುಳ್ಳದ್ದು ಫೊರೆನ್ಸಿಕ್ ತಂಡ. ಒಳ್ಳೆಯ ಪಾಲಿಸಿಯಲ್ಲಿ 24 ಗಂಟೆಯ ಒಂದು ಹಾಟ್‌ಲೈನ್ ನಂಬರ್ ಇರುತ್ತದೆ, ಕಂಪನಿ ಮೊದಲೇ ಒಪ್ಪಂದ ಮಾಡಿಕೊಂಡ ತಜ್ಞರ ಪಟ್ಟಿ ಇರುತ್ತದೆ. ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಒಬ್ಬರು ಎತ್ತಿ, ಆನ್‌ಲೈನಿನಲ್ಲೇ ಕೆಲಸ ಶುರುಮಾಡಬೇಕು. ಏಜೆಂಟರನ್ನು ಇದನ್ನೇ ಮೊದಲು ಕೇಳಿ: ಹಾಟ್‌ಲೈನ್ ನಂಬರ್ ಯಾವುದು, ತಂಡ ಯಾವುದು, ಪಟ್ಟಿಯ ಹೊರಗಿನವರನ್ನು ಕರೆದರೆ ಖರ್ಚು ಕೊಡುತ್ತೀರಾ? ಉತ್ತರ ತಡವರಿಸಿದರೆ ಆ ಪಾಲಿಸಿ ಬಿಟ್ಟು ಬೇರೆ ನೋಡಿ. ಕಾಗದದಲ್ಲಿ ಮಾತ್ರ ಇರುವ 1 ಕೋಟಿಗಿಂತ ಫೋನ್ ಎತ್ತುವ 50 ಲಕ್ಷ ಮೇಲು.

ನಿಮ್ಮ ಕೊಟೇಶನ್ನಿನ ಲೆಕ್ಕ

ಜಿಎಸ್‌ಟಿಯಿಂದ ಶುರುಮಾಡೋಣ. ಸೈಬರ್ ಪಾಲಿಸಿಗೆ ಶೇ 18, ಅಂದರೆ 12,240 ರೂ. ರೋಗ ತಪಾಸಣಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ನಿಮಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಸರಿಹೊಂದಿಸಿಕೊಳ್ಳುವ ಅವಕಾಶ) ಸಿಗುವುದಿಲ್ಲ. ನಿಮ್ಮ ಕೈಯಿಂದ ಹೋಗುವುದು 80,240 ರೂ.

ಈಗ 5 ಲಕ್ಷದ ಡಿಡಕ್ಟಿಬಲ್. ಪ್ರತಿ ಕ್ಲೇಮಿನಲ್ಲೂ ಮೊದಲ 5 ಲಕ್ಷ ನಿಮ್ಮದೇ. ವರ್ಷಕ್ಕೆ 300 ಕೆಲಸದ ದಿನ ಎಂದರೆ ನಿಮ್ಮ ವಹಿವಾಟು ದಿನಕ್ಕೆ 1 ಲಕ್ಷ. ಲ್ಯಾಬ್ ನಿಂತರೆ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ), ಟ್ಯೂಬ್ ಇತ್ಯಾದಿ ಖರ್ಚೂ ನಿಲ್ಲುತ್ತದೆ. ಅದು ಶೇ 40 ಎಂದುಕೊಂಡರೆ ದಿನದ ನಿಜ ನಷ್ಟ 60,000 ರೂ. ನಾಲ್ಕು ದಿನ ಪೂರ್ತಿ ಬಂದ್, ಆಮೇಲೆ ಆರು ದಿನ ಅರ್ಧ ಕೆಲಸ ಎಂದಿಟ್ಟುಕೊಳ್ಳಿ: ಒಟ್ಟು ಏಳು ದಿನದ ನಷ್ಟ, 4.2 ಲಕ್ಷ. 24 ಗಂಟೆಯ ವೇಟಿಂಗ್ ಪೀರಿಯಡ್ ಕಳೆದರೆ ಉಳಿಯುವುದು 3.6 ಲಕ್ಷ. ಹತ್ತು ದಿನ ಒದ್ದಾಡಿದರೂ ಆದಾಯ ನಷ್ಟವೊಂದಕ್ಕೇ ಒಂದು ರೂಪಾಯಿಯೂ ಬರುವುದಿಲ್ಲ, ಏಕೆಂದರೆ ಅದು 5 ಲಕ್ಷದ ಒಳಗೇ ಇದೆ. ತಜ್ಞರು, ವಕೀಲರು, ಡೇಟಾ ಮರಳಿ ಪಡೆಯುವುದು ಎಲ್ಲ ಸೇರಿ ಇನ್ನೊಂದು 9 ಲಕ್ಷ ಆಯಿತೆಂದುಕೊಂಡರೆ ಒಟ್ಟು 12.6 ಲಕ್ಷ. ಅದರಲ್ಲಿ ಕಂಪನಿ ಕೊಡುವುದು 7.6 ಲಕ್ಷ. ಡಿಡಕ್ಟಿಬಲ್ 1.5 ಲಕ್ಷಕ್ಕೆ ಇಳಿದಿದ್ದರೆ 11.1 ಲಕ್ಷ ಬರುತ್ತಿತ್ತು. ನಿಮ್ಮ ಗಾತ್ರದ ವ್ಯವಹಾರಕ್ಕೆ 1ರಿಂದ 2 ಲಕ್ಷದ ಡಿಡಕ್ಟಿಬಲ್ ಕೇಳಿ, ಪ್ರೀಮಿಯಂ ಸ್ವಲ್ಪ ಏರಿದರೂ ಏರಲಿ. ಬೇಕಾದರೆ ವಿಮಾ ಮೊತ್ತವನ್ನು ಒಂದಿಷ್ಟು ತಗ್ಗಿಸಿ ಸರಿದೂಗಿಸಿ.

ವೇಟಿಂಗ್ ಪೀರಿಯಡ್‌ಗೆ 8 ಅಥವಾ 12 ಗಂಟೆ ಸಿಗುತ್ತದೆ, ಕೇಳಬೇಕು ಅಷ್ಟೆ. ಅದು ಗಡಿಯಾರದ ಗಂಟೆಯೋ ಲ್ಯಾಬ್ ತೆರೆದಿರುವ ಗಂಟೆಯೋ ಎಂದೂ ಸ್ಪಷ್ಟಪಡಿಸಿಕೊಳ್ಳಿ. ಬೆಳಗ್ಗೆ 7ರಿಂದ ರಾತ್ರಿ 7ರವರೆಗೆ ತೆರೆದಿರುವ ಲ್ಯಾಬ್‌ಗೆ 24 ಕೆಲಸದ ಗಂಟೆ ಎಂದರೆ ಎರಡು ಪೂರ್ತಿ ದಿನ. ಆದಾಯ ನಷ್ಟಕ್ಕೆ ವೇಟಿಂಗ್ ಪೀರಿಯಡ್, ಡಿಡಕ್ಟಿಬಲ್ ಎರಡನ್ನೂ ಕಳೆಯುತ್ತಾರೋ ಒಂದನ್ನು ಮಾತ್ರವೋ ಎಂಬುದೂ ಪಾಲಿಸಿಯಿಂದ ಪಾಲಿಸಿಗೆ ಬೇರೆ.

1 ಕೋಟಿ ಎಂಬುದು ಇಡೀ ವರ್ಷಕ್ಕೆ, ಎಲ್ಲ ಕ್ಲೇಮುಗಳಿಗೂ ಸೇರಿ. ಅದರೊಳಗೆ ಮತ್ತೆ ಸಬ್‌ಲಿಮಿಟ್‌ಗಳಿರುತ್ತವೆ: ರ್‍ಯಾನ್ಸಮ್‌ವೇರ್‌ಗೆ ಇಷ್ಟು, ತನಿಖಾ ಖರ್ಚಿಗೆ ಇಷ್ಟು, ವಂಚನೆಗೆ ಇಷ್ಟು ಎಂದು. ಷೆಡ್ಯೂಲ್ ಪುಟವನ್ನು ತರಿಸಿಕೊಳ್ಳಿ. ಕೊಟೇಶನ್ನಿನ ವಾಟ್ಸಾಪ್ ಚಿತ್ರ ನೋಡಿ ಹಣ ಕಟ್ಟಬೇಡಿ. ವಕೀಲರ ಖರ್ಚು ಈ 1 ಕೋಟಿಯ ಒಳಗೇ ಬರುತ್ತದೋ ಹೊರಗೋ ನೋಡಿ. ಬಹುತೇಕ ಒಳಗೇ.

ಸೇರಿಸಿಕೊಳ್ಳಬೇಕಾದವು, ಹೊರಗಿರುವವು

ಸೈಬರ್ ಹೊಣೆ ವಿಮೆ ಕ್ಲೇಮ್ಸ್-ಮೇಡ್ ಆಧಾರದ್ದು. ಅಂದರೆ ಘಟನೆ ಪತ್ತೆಯಾಗಿ, ಪಾಲಿಸಿ ಚಾಲ್ತಿಯಲ್ಲಿರುವಾಗಲೇ ತಿಳಿಸಿದ್ದರೆ ಮಾತ್ರ ಹಣ. ಬೆಂಕಿ ವಿಮೆಯಲ್ಲಿ ಅವಘಡದ ದಿನ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ನುಗ್ಗಿದವರು ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೇ ಕುಳಿತಿದ್ದು ಆಮೇಲೆ ಬೀಗ ಹಾಕುತ್ತಾರೆ. ಆದ್ದರಿಂದ ರೆಟ್ರೋಆಕ್ಟಿವ್ ಡೇಟ್ ಎಂಬ ಸಾಲನ್ನು ಹುಡುಕಿ. ಅದರಲ್ಲಿ ಪಾಲಿಸಿ ಶುರುವಾದ ದಿನವನ್ನೇ ನಮೂದಿಸಿದ್ದರೆ, ಅದಕ್ಕೂ ಹಿಂದಿನ ತಿಂಗಳು ನುಗ್ಗಿದವನಿಂದಾದ ನಷ್ಟ ಹೊರಗುಳಿಯುತ್ತದೆ. ಹಿಂದಿನ ದಿನಾಂಕಕ್ಕೆ ಮಿತಿ ಇರಬಾರದು ಎಂದು ಕೇಳಿ. ನವೀಕರಣ ಒಂದು ದಿನವೂ ತಪ್ಪಬಾರದು, ಕಂಪನಿ ಬದಲಿಸಿದರೂ ಹಳೆಯ ರೆಟ್ರೋ ದಿನಾಂಕ ಜೊತೆಗೇ ಬರಬೇಕು.

ನಿಮ್ಮ ಲ್ಯಾಬ್ ಸಾಫ್ಟ್‌ವೇರ್ ಬೇರೆಯವರ ಕ್ಲೌಡ್‌ನಲ್ಲಿದ್ದರೆ, ಪಾಲಿಸಿಯಲ್ಲಿ ‘ಕಂಪ್ಯೂಟರ್ ಸಿಸ್ಟಂ’ ಎಂಬುದಕ್ಕೆ ಕೊಟ್ಟ ವಿವರಣೆಯನ್ನು ಓದಿ. ಅದು ನಿಮ್ಮ ಕಟ್ಟಡದ ಯಂತ್ರಗಳಿಗಷ್ಟೇ ಸೀಮಿತವಾಗಿದ್ದರೆ ಸಾಫ್ಟ್‌ವೇರ್ ಕಂಪನಿಯಲ್ಲಾದ ಸೋರಿಕೆಗೆ ಹಣ ಬರುವುದಿಲ್ಲ. ಆದರೆ ಹೊಸ ಕಾಯ್ದೆಯಡಿ ರೋಗಿಗೆ ಉತ್ತರ ಹೇಳಬೇಕಾದವರು ನೀವೇ, ಸಾಫ್ಟ್‌ವೇರ್‌ನವರಲ್ಲ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸೇವಾದಾರ ಕಂಪನಿಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾದಾಗ, ತಮ್ಮ ಕಡೆ ಏನೂ ಆಗದಿದ್ದರೂ ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ನಿಂತಿತು. ಪರರ ವ್ಯವಸ್ಥೆ ಕೈಕೊಟ್ಟು ನಿಮಗಾಗುವ ಆದಾಯ ನಷ್ಟ ಎಂಬ ಕವರ್ ಬೇರೆಯೇ ಇದೆ, ಅದನ್ನು ಹಾಕಿಸಿಕೊಳ್ಳಿ. ಅದೇ ತಿಂಗಳ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟುನಿಂತವು. ಅದು ದಾಳಿಯೇ ಅಲ್ಲ. ದಾಳಿಗೆ ಮಾತ್ರ ಕವರ್ ಇರುವ ಪಾಲಿಸಿ ಅಂಥದ್ದಕ್ಕೆ ಹಣ ಕೊಡುವುದಿಲ್ಲ, ಸಿಸ್ಟಂ ವೈಫಲ್ಯ ಎಂಬ ಪದ ಪಾಲಿಸಿಯಲ್ಲಿ ಇರಬೇಕು.

ಫ್ರಾಂಚೈಸಿಗಳ ವಿಷಯ ನೀವು ಕೇಳಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಇರುವುದು ಅಲ್ಲೇ. ಹೊಸನಗರ, ರಿಪ್ಪನ್‌ಪೇಟೆಯ ಸೆಂಟರ್‌ಗಳು ನಿಮ್ಮ ನೌಕರರದ್ದಲ್ಲ, ಬೇರೆ ಮಾಲೀಕರದ್ದು. ಪಾಲಿಸಿಯಲ್ಲಿ ‘ವಿಮೆ ಪಡೆದವರು’ ಎಂದರೆ ಯಾರು ಎಂಬಲ್ಲಿ ಅವರ ಹೆಸರು ಇರದಿದ್ದರೆ, ಅವರ ಲ್ಯಾಪ್‌ಟಾಪಿನಿಂದ ಸೋರಿದ ರೋಗಿಗಳ ಪಟ್ಟಿಗೆ ಕಂಪನಿ ತಕರಾರು ತೆಗೆಯಬಹುದು. ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಜೋಡಿಸುವ ತಿದ್ದುಪಡಿ) ಹಾಕಿಸಿ ಸೇರಿಸಿ. ಜೊತೆಗೆ ಅವರ ಲಾಗಿನ್‌ನಲ್ಲಿ ಅವರು ಕಳಿಸಿದ ರೋಗಿಗಳ ರಿಪೋರ್ಟ್ ಮಾತ್ರ ಕಾಣುವಂತೆ ಮಾಡಿ. ಇಡೀ 1.4 ಲಕ್ಷ ದಾಖಲೆ ರಿಪ್ಪನ್‌ಪೇಟೆಯ ಕೌಂಟರಿನಲ್ಲಿ ತೆರೆದುಕೊಳ್ಳುವ ಅಗತ್ಯವೇ ಇಲ್ಲ.

ಹೊರತುಗಳ ಪೈಕಿ ನಮ್ಮ ಕಡೆಗೆ ಮುಖ್ಯವಾದದ್ದು ಮೂಲಸೌಕರ್ಯ ವೈಫಲ್ಯ. ಜುಲೈ ಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋಗಿ, ಟವರ್ ಸತ್ತು, ತೀರ್ಥಹಳ್ಳಿ ಸೆಂಟರ್ ಎರಡು ದಿನ ಆನ್‌ಲೈನ್ ಬಾರದಿದ್ದರೆ ಅದು ಈ ಪಾಲಿಸಿಯ ಕ್ಲೇಮ್ ಅಲ್ಲ. ವಿದ್ಯುತ್, ಟೆಲಿಕಾಂ ವೈಫಲ್ಯವನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಯುದ್ಧ ಮತ್ತು ಬೇರೆ ದೇಶದ ಸರ್ಕಾರದ ಬೆಂಬಲದ ದಾಳಿಯೂ ಹೊರತು. ಸುಟ್ಟುಹೋದ ಸರ್ವರ್, ಅನಲೈಸರ್ (ಸ್ಯಾಂಪಲ್ ಪರೀಕ್ಷಿಸುವ ಯಂತ್ರ) ಬೇರೆ ವಿಮೆಗೆ ಸೇರಿದ್ದು. ತಪ್ಪು ರಿಪೋರ್ಟಿನಿಂದ ರೋಗಿಯ ದೇಹಕ್ಕಾದ ಹಾನಿ ವೃತ್ತಿಪರ ಹೊಣೆ ವಿಮೆಗೆ ಸೇರಿದ್ದು. ಎನ್‌ಕ್ರಿಪ್ಟ್ ಮಾಡದ (ಡೇಟಾವನ್ನು ಬೇರೆಯವರು ಓದಲಾಗದಂತೆ ಸಂಕೇತಕ್ಕೆ ಬದಲಿಸದ) ಲ್ಯಾಪ್‌ಟಾಪ್ ಕಳೆದುಹೋದರೆ ಕೊಡುವುದಿಲ್ಲ ಎಂಬ ಸಾಲು ಕೆಲವದರಲ್ಲಿದೆ. ಮನೆಗೆ ಹೋಗಿ ಸ್ಯಾಂಪಲ್ ತರುವ ಹುಡುಗರ ಟ್ಯಾಬ್, ಮೊಬೈಲ್‌ಗಳಿಗೂ ಅದು ಅನ್ವಯಿಸುತ್ತದೆ.

ಇನ್ನೊಂದು ಅಪಾಯಕ್ಕೆ ಡೇಟಾ ಸೋರಿಕೆಯ ಹೆಸರೇ ಇಲ್ಲ, ಆದರೆ ಹಣ ಹೋಗುವುದು ಅದರಿಂದಲೇ ಹೆಚ್ಚು ಸುಲಭ. ರೀಏಜೆಂಟ್ ಸರಬರಾಜುದಾರರ ಹೆಸರಿನಲ್ಲಿ, ಅವರದೇ ಮೇಲ್‌ನಂತೆ ಕಾಣುವ ಒಂದು ಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಇದಕ್ಕೆ ಹಾಕಿ ಎಂದು. ಅಕೌಂಟೆಂಟ್ ಹಾಕಿಬಿಡುತ್ತಾರೆ. ಹಣ ಕಳಿಸಿದ್ದು ನಿಮ್ಮವರೇ ಆದ್ದರಿಂದ ಇದು ಹ್ಯಾಕಿಂಗ್ ಅಲ್ಲ ಎನ್ನುತ್ತದೆ ಕಂಪನಿ. ಇದಕ್ಕೆ ಸೋಷಿಯಲ್ ಎಂಜಿನಿಯರಿಂಗ್ ಕವರ್ ಎಂದು ಪ್ರತ್ಯೇಕ ಕೊಳ್ಳಬೇಕು. ಅದರಲ್ಲೂ, ಖಾತೆ ಬದಲಾದರೆ ಮೊದಲೇ ಗೊತ್ತಿದ್ದ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡಿರಬೇಕು ಎಂಬ ಷರತ್ತು ಸಾಮಾನ್ಯ. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಲೆಕ್ಕಕ್ಕಿಲ್ಲ. ಎಪಿಎಂಸಿಯ ಅಡಿಕೆ ವರ್ತಕರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ನಿಮ್ಮ ಹತ್ತಿರ ಡೇಟಾ ಕಡಿಮೆ, ಓಡಾಡುವ ಹಣ ಹೆಚ್ಚು. ಒಂದು ಲೋಡ್ ರಾಶಿ ಅಡಿಕೆಯ ಹಣ ಒಂದೇ ಆರ್‌ಟಿಜಿಎಸ್‌ನಲ್ಲಿ ಹೋಗುತ್ತದೆ. ನೀವು ಡೇಟಾ ಹೊಣೆಯ ಮೊತ್ತ ತಗ್ಗಿಸಿ ಈ ವಂಚನೆ ಕವರಿನ ಸಬ್‌ಲಿಮಿಟ್ ಏರಿಸಿಕೊಳ್ಳಬೇಕು.

ಫಾರ್ಮ್

ಏಜೆಂಟರು ಫಾರ್ಮ್ ತುಂಬಿದರೆ ಎಲ್ಲದಕ್ಕೂ ‘ಹೌದು’ ಎಂದು ಗುರುತು ಬೀಳುವ ಅಪಾಯ ಇದೆ. ಹಾಗೆ ತುಂಬಿದರೆ ಪ್ರೀಮಿಯಂ ಇಳಿಯುತ್ತದೆ, ಪಾಲಿಸಿ ಬೇಗ ಬರುತ್ತದೆ. ದಾಳಿಯಾದ ಮೇಲೆ ಫೊರೆನ್ಸಿಕ್ ವರದಿ ಬಂದಾಗ ಆ ‘ಹೌದು’ಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಅಮೆರಿಕದಲ್ಲಿ 2022ರಲ್ಲಿ ಟ್ರಾವೆಲರ್ಸ್ ಎಂಬ ವಿಮಾ ಕಂಪನಿ ತನ್ನ ಗ್ರಾಹಕರಾದ ಇಂಟರ್‌ನ್ಯಾಷನಲ್ ಕಂಟ್ರೋಲ್ ಸರ್ವಿಸಸ್ ವಿರುದ್ಧ ಕೋರ್ಟಿಗೆ ಹೋಯಿತು. ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆ ಒಟಿಪಿಯಂಥದ್ದು, ಇದೆ ಎಂದು ಫಾರ್ಮಿನಲ್ಲಿ ಬರೆದಿದ್ದರು. ದಾಳಿಯ ನಂತರ ನೋಡಿದರೆ ಅದು ಫೈರ್‌ವಾಲ್‌ಗೆ ಮಾತ್ರ ಇತ್ತು, ಸರ್ವರ್‌ಗೆ ಇರಲಿಲ್ಲ. ಕೊನೆಗೆ ಪಾಲಿಸಿಯೇ ಮೊದಲಿನಿಂದ ಇರಲಿಲ್ಲ ಎಂಬಂತೆ ರದ್ದಾಯಿತು. ನಮ್ಮಲ್ಲೂ ವಿಮೆ ಪರಮ ವಿಶ್ವಾಸದ ಒಪ್ಪಂದ. ಜೀವ ವಿಮೆಯಲ್ಲಿ ಮೂರು ವರ್ಷ ಕಳೆದ ಮೇಲೆ ಕಂಪನಿ ತಕರಾರು ತೆಗೆಯುವಂತಿಲ್ಲ ಎಂಬ 45ನೇ ಕಲಮಿನ ರಕ್ಷಣೆ ಇಂಥ ಪಾಲಿಸಿಗಳಿಗೆ ಇಲ್ಲ. ಸಹಿ ನಿಮ್ಮದು, ಹೊಣೆಯೂ ನಿಮ್ಮದು.

ಆದ್ದರಿಂದ ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರನ್ನೂ ಸಾಫ್ಟ್‌ವೇರ್ ಕಂಪನಿಯವರನ್ನೂ ಕೂರಿಸಿಕೊಂಡು ಒಂದು ಮಧ್ಯಾಹ್ನ ಫಾರ್ಮ್ ತುಂಬಿ. ‘ಇಲ್ಲ’ ಎಂದು ಬರೆಯಬೇಕಾದಲ್ಲಿ ‘ಇಲ್ಲ’ ಎಂದೇ ಬರೆಯಿರಿ, ಪಕ್ಕದಲ್ಲಿ ಯಾವ ತಿಂಗಳೊಳಗೆ ಸರಿಪಡಿಸುತ್ತೇವೆ ಎಂದು ಸೇರಿಸಿ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಎಡವುವ ಜಾಗಗಳು ಇವು. ಅನಲೈಸರ್ ಜೊತೆ ಬಂದ ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿದ್ದು, ಅದೇ ನೆಟ್‌ವರ್ಕ್‌ನಲ್ಲಿ ಲ್ಯಾಬ್ ಸರ್ವರ್ ಇರುವುದು. ಸರ್ವಿಸ್ ಎಂಜಿನಿಯರ್ ಒಮ್ಮೆ ಹಾಕಿಹೋದ, ದೂರದಿಂದ ಯಂತ್ರ ನಡೆಸುವ ಎನಿಡೆಸ್ಕ್, ಎಲ್ಲ ಊರಿನ ಎಲ್ಲ ಲ್ಯಾಬ್‌ಗೂ ಒಂದೇ ಪಾಸ್‌ವರ್ಡ್‌ನಲ್ಲಿ ವರ್ಷಾನುಗಟ್ಟಲೆ ತೆರೆದೇ ಇರುವುದು. ಮನೆಯಿಂದ ಟ್ಯಾಲಿ ನೋಡಲೆಂದು ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರ ಇಂಟರ್‌ನೆಟ್ಟಿಗೆ ಬಿಟ್ಟಿರುವುದು, ರ್‍ಯಾನ್ಸಮ್‌ವೇರ್ ಒಳಬರುವ ಹೆದ್ದಾರಿ ಇದೇ. ಬ್ಯಾಕಪ್ ಡಿಸ್ಕ್ ಸದಾ ಸರ್ವರ್‌ಗೆ ಚುಚ್ಚಿಕೊಂಡೇ ಇರುವುದು. ಹಾಗಿದ್ದರೆ ಸರ್ವರ್ ಜೊತೆ ಬ್ಯಾಕಪ್‌ಗೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟು ದಿನ ಬಿಟ್ಟು ದಿನ ಬದಲಿಸಿ, ಒಂದು ಯಾವಾಗಲೂ ಹೊರಗೆ ಇರಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಬೇರೆ ಯಂತ್ರದಲ್ಲಿ ಡೇಟಾ ತೆರೆದು ನೋಡಿ ದಿನಾಂಕ ಬರೆದಿಡಿ. ಫಾರ್ಮಿನಲ್ಲಿ ‘ಬ್ಯಾಕಪ್ ಪರೀಕ್ಷಿಸಿದ್ದೀರಾ’ ಎಂದು ಕೇಳುವುದು ಇದನ್ನೇ.

ನೀವು ಕಳಿಸುವ ವಾಟ್ಸಾಪ್ ಲಿಂಕನ್ನು ಇವತ್ತೇ ಪರೀಕ್ಷಿಸಿ. ಲಿಂಕಿನ ಕೊನೆಯಲ್ಲಿರುವ ನಂಬರನ್ನು ಒಂದು ಹೆಚ್ಚಿಸಿ ತೆರೆಯಿರಿ. ಮುಂದಿನ ರೋಗಿಯ ರಿಪೋರ್ಟ್ ಬಂದರೆ ನಿಮ್ಮ ಇಡೀ ದಾಖಲೆ ಈಗಾಗಲೇ ಬಯಲಿನಲ್ಲಿದೆ, ಅದಕ್ಕೆ ಹ್ಯಾಕರ್ ಕೂಡ ಬೇಕಿಲ್ಲ. ಇದು ಗೊತ್ತಿದ್ದೂ ಫಾರ್ಮಿನಲ್ಲಿ ಮುಚ್ಚಿಟ್ಟರೆ ‘ಮೊದಲೇ ತಿಳಿದಿದ್ದ ಸಂಗತಿ’ ಎಂಬ ಹೊರತು ಬಂದು ಕ್ಲೇಮ್ ಬೀಳುತ್ತದೆ. ಸಾಫ್ಟ್‌ವೇರ್‌ನವರಿಂದ ಊಹಿಸಲಾಗದ ಉದ್ದನೆಯ ಲಿಂಕ್, ಜೊತೆಗೆ ಒಟಿಪಿ, ಕೆಲವು ದಿನದ ಮೇಲೆ ಲಿಂಕ್ ಸಾಯುವ ವ್ಯವಸ್ಥೆ ಮಾಡಿಸಿ, ಆಮೇಲೆ ಫಾರ್ಮ್ ತುಂಬಿ. ಕಾನೂನು ಮತ್ತು ಮಾನ್ಯತೆಯ ನಿಯಮಗಳು ಇಡಿ ಎಂದ ಅವಧಿ ಮುಗಿದ ದಾಖಲೆಗಳನ್ನು ಆನ್‌ಲೈನಿನಿಂದ ತೆಗೆಯಿರಿ. 1.4 ಲಕ್ಷ ದಾಖಲೆ 60 ಸಾವಿರಕ್ಕೆ ಇಳಿದರೆ ಅಪಾಯವೂ ಇಳಿಯುತ್ತದೆ, ಪ್ರೀಮಿಯಂ ಮಾತಾಡಲೂ ಜಾಗ ಸಿಗುತ್ತದೆ.

ದಾಳಿಯಾದ ದಿನ

ಮೊದಲು ಕೆಟ್ಟುಹೋಗುವುದು ಇಲ್ಲೇ. ಬೆಳಗ್ಗೆ ಪರದೆಯ ಮೇಲೆ ಹಣ ಕೇಳುವ ಸಂದೇಶ ಕಂಡ ಕೂಡಲೇ ಪರಿಚಯದ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ, ಮಧ್ಯಾಹ್ನದೊಳಗೆ ಎಲ್ಲ ಯಂತ್ರ ಫಾರ್ಮ್ಯಾಟ್ ಮಾಡಿಸಿ, ಸಂಜೆ ಕೌಂಟರ್ ತೆರೆಯುತ್ತಾರೆ. ಗಿರಾಕಿಗಳು ಕಾಯುತ್ತಿರುವಾಗ ಹಾಗೆನ್ನಿಸುವುದು ಸಹಜ. ಆದರೆ ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಯಾರು ಬಂದರು, ಏನು ಒಯ್ದರು ಎಂಬ ಗುರುತು ಅಳಿಸಿಹೋಗಿರುತ್ತದೆ. ರೋಗಿಗಳ ಡೇಟಾ ಹೊರಗೆ ಹೋಗಿಲ್ಲ ಎಂದು ಮಂಡಳಿಯ ಮುಂದೆ ಸಾಬೀತು ಮಾಡಲೂ ಆಗುವುದಿಲ್ಲ, ನಷ್ಟವನ್ನು ವಿಮಾ ಕಂಪನಿಗೆ ತೋರಿಸಲೂ ಆಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ನೆಟ್‌ವರ್ಕ್ ಕೇಬಲ್ ಎಳೆಯಿರಿ, ವೈಫೈ ಆರಿಸಿ, ಆದರೆ ಯಂತ್ರದ ಪವರ್ ಆಫ್ ಮಾಡಬೇಡಿ. ಮೆಮೊರಿಯಲ್ಲಿರುವ ಸಾಕ್ಷ್ಯ ಆಫ್ ಮಾಡಿದರೆ ಹೋಗುತ್ತದೆ. ಪರದೆಯ ಫೋಟೊ ತೆಗೆಯಿರಿ, ಕಂಡ ಸಮಯ ಬರೆದುಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಯಾವ ಯಂತ್ರಕ್ಕೂ ಚುಚ್ಚಬೇಡಿ. ಹಾಟ್‌ಲೈನ್‌ಗೆ ಫೋನ್ ಮಾಡಿ, ಏಜೆಂಟರಿಗೆ ಹೇಳಿದೆ ಎಂದರೆ ಕಂಪನಿಗೆ ಹೇಳಿದಂತಾಗುವುದಿಲ್ಲ. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ) ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ವಿವರ ಅರೆಬರೆ ಇದ್ದರೂ ಪರವಾಗಿಲ್ಲ, ಉಳಿದದ್ದನ್ನು ಆಮೇಲೆ ಕೊಡಬಹುದು. ಅದೇ ನಿರ್ದೇಶನ 180 ದಿನಗಳ ಲಾಗ್ (ವ್ಯವಸ್ಥೆಯಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ) ಇಟ್ಟಿರಬೇಕು ಎನ್ನುತ್ತದೆ, ಹೊಸ ದತ್ತಾಂಶ ನಿಯಮಗಳು ಒಂದು ವರ್ಷ ಕೇಳುತ್ತವೆ. ಸಾಫ್ಟ್‌ವೇರ್‌ನವರ ಜೊತೆಗಿನ ಒಪ್ಪಂದದಲ್ಲಿ ಇದನ್ನು ಬರೆಸಿಕೊಳ್ಳಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವೇ ಗಂಟೆಗಳದು. ಆಮೇಲೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು. ಎಫ್‌ಐಆರ್ ಪ್ರತಿ ಕ್ಲೇಮ್ ಕಡತಕ್ಕೂ ಬೇಕು.

ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಒತ್ತೆಹಣ ಕಟ್ಟಬೇಡಿ, ಪಟ್ಟಿಯ ಹೊರಗಿನ ತಜ್ಞರನ್ನು ನೇಮಿಸಬೇಡಿ, ಯಾವ ರೋಗಿಗೂ ‘ತಪ್ಪು ನಮ್ಮದೇ, ಪರಿಹಾರ ಕೊಡುತ್ತೇವೆ’ ಎಂದು ಬರೆದುಕೊಡಬೇಡಿ. ಮೂರೂ ಪಾಲಿಸಿಯ ಷರತ್ತುಗಳಿಗೆ ವಿರುದ್ಧ. ಹಾಗೆಂದು ರೋಗಿಗಳ ಹತ್ತಿರ ಮೌನವಾಗಿರಬೇಕೆಂದಲ್ಲ. ಏನಾಯಿತು, ಯಾವಾಗ, ಅವರ ಯಾವ ಮಾಹಿತಿ ಹೋಗಿರಬಹುದು, ನೀವು ಏನು ಮಾಡುತ್ತಿದ್ದೀರಿ, ಅವರು ಏನು ಎಚ್ಚರ ವಹಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಸರಳ ಕನ್ನಡದಲ್ಲಿ ತಿಳಿಸಿ. ಸಾವಿರಾರು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ, ಇಂಥ ಸಂದೇಶಗಳನ್ನು ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ನಿಮ್ಮ ಹೆಡರ್ (ಕಳಿಸುವವರ ಹೆಸರು), ಸಂದೇಶದ ಟೆಂಪ್ಲೇಟ್ ಎರಡೂ ಮೊದಲೇ ನೋಂದಣಿಯಾಗಿರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಈಗಲೇ ಒಂದು ಟೆಂಪ್ಲೇಟ್ ಬರೆದು ನೋಂದಾಯಿಸಿಡಿ.

ಲ್ಯಾಬ್ ನಿಲ್ಲಬೇಕಿಲ್ಲ. 2022ರ ನವೆಂಬರ್ 23ರಂದು ದೆಹಲಿ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕಾಗದದ ಮೇಲೆ ನಡೆಯಿತು. ನಾಲ್ಕೂ ಸೆಂಟರ್‌ಗಳಲ್ಲಿ ಮುದ್ರಿತ ರಿಜಿಸ್ಟರ್, ನಂಬರ್ ಹಾಕಿದ ಸ್ಯಾಂಪಲ್ ಸ್ಟಿಕ್ಕರ್, ಕೈಬರಹದ ರಿಪೋರ್ಟ್ ನಮೂನೆ ಒಂದು ವಾರಕ್ಕಾಗುವಷ್ಟು ಇಡಿ. ಆ ದಿನಗಳ ಹೆಚ್ಚುವರಿ ಖರ್ಚು, ಓವರ್‌ಟೈಂ, ಬೇರೆ ಲ್ಯಾಬ್‌ಗೆ ಕಳಿಸಿದ ಸ್ಯಾಂಪಲ್‌ಗಳ ಬಿಲ್ಲು ಎಲ್ಲಕ್ಕೂ ದಿನವಾರು ಲೆಕ್ಕ ಇಡಿ. ಹಿಂದಿನ ವರ್ಷದ ಅದೇ ವಾರದ ವಹಿವಾಟಿನ ಮುದ್ರಿತ ಪ್ರತಿಯೂ ಇರಲಿ. ಆದಾಯ ನಷ್ಟವನ್ನು ಸರ್ವೇಯರ್ ಅಳೆಯುವುದು ಅದರಿಂದಲೇ, ನಿಮ್ಮ ಲೆಕ್ಕವೆಲ್ಲ ಬೀಗ ಬಿದ್ದ ಟ್ಯಾಲಿಯಲ್ಲೇ ಇದ್ದರೆ ಅಳೆಯಲು ಏನೂ ಉಳಿಯುವುದಿಲ್ಲ. ಪಾಲಿಸಿಯ ಪ್ರತಿಯೂ ಸರ್ವರ್‌ನಲ್ಲಿ ಮಾತ್ರ ಇರಬಾರದು. ಒಂದು ಮುದ್ರಿತ ಪ್ರತಿ ಲ್ಯಾಬ್‌ನಲ್ಲಿ, ಒಂದು ಮನೆಯಲ್ಲಿ.

ಈಗಿನ ಏಜೆಂಟರಿಂದ ಬದಲಾದ ಕೊಟೇಶನ್ ಕೇಳುವುದರ ಜೊತೆಗೆ, ಒಬ್ಬ ಪರವಾನಗಿ ಇರುವ ಬ್ರೋಕರ್ ಮೂಲಕ ಇನ್ನೆರಡು ಕಂಪನಿಗಳಿಂದಲೂ ತರಿಸಿ. ಏಜೆಂಟರು ತಮ್ಮ ಕಂಪನಿಯ ಪರ, ಬ್ರೋಕರ್ ಕಾನೂನಿನ ಪ್ರಕಾರ ನಿಮ್ಮ ಪರ. ಮೂರನ್ನೂ ಹೋಲಿಸುವಾಗ ಪ್ರೀಮಿಯಂ ಕೊನೆಗೆ ನೋಡಿ. ಡಿಡಕ್ಟಿಬಲ್, ರೆಟ್ರೋ ದಿನಾಂಕ, ಹೊರಗಿನ ಸೇವಾದಾರರ ಕವರ್, ಫ್ರಾಂಚೈಸಿ ಸೇರ್ಪಡೆ, ಹಾಟ್‌ಲೈನ್ ಮೊದಲು. ಪ್ರೀಮಿಯಂ ಕಂಪನಿಗೆ ತಲುಪುವ ತನಕ ರಕ್ಷಣೆ ಶುರುವಾಗುವುದಿಲ್ಲ ಎಂಬುದೂ ನೆನಪಿರಲಿ.

ಮುಂದೆ ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂ. ತನಕದ ತಕರಾರು ಅಲ್ಲಿ ತೀರ್ಮಾನವಾಗುತ್ತದೆ. ಆದರೆ ವ್ಯಾಪಾರದ ಪಾಲಿಸಿಗಳಲ್ಲಿ ಈ ಬಾಗಿಲು ತೆರೆದಿರುವುದು ಒಬ್ಬರೇ ಮಾಲೀಕರ ಸಂಸ್ಥೆಗಳಿಗೆ ಮತ್ತು ಕಿರು ಉದ್ಯಮಗಳಿಗೆ ಮಾತ್ರ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದವು ಕಿರು ಉದ್ಯಮ. ನಿಮ್ಮ ಅನಲೈಸರ್‌ಗಳ ಬೆಲೆ ಆ ಮಿತಿಯೊಳಗಿದ್ದರೆ ಉದ್ಯಮ್ ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನು ಪಾಲಿಸಿಯ ಕಡತದಲ್ಲೇ ಇಟ್ಟುಕೊಳ್ಳಿ.